ಬೇವಿನ ಕಂಬದ ಗೀರುಗಳು

“ಗುರುಗಳೇ, ವಾಸಿಯಾಗದ ಕಾಲನ್ನು ನಾವು ಎಷ್ಟು ವರ್ಷ ನೋಡಬೇಕು?” ಎಂದು ಶಿಷ್ಯ ಕೇಳಿದ.

ಮೂಳೆ ಕಟ್ಟುವ ಗುರು ಅಂಗಳದತ್ತ ತಿರುಗಿದ. ಅಲ್ಲಿ ಒಬ್ಬ ತರುಣ ಕೋಲು ಪಕ್ಕಕ್ಕಿಟ್ಟು ಕೂತಿದ್ದ. ಐದು ವರ್ಷದ ಕೂಸಾಗಿದ್ದಾಗಿನಿಂದ ಬರುತ್ತಿದ್ದವನು. ಈಗ ಮೀಸೆ ಬಂದಿತ್ತು.

“ಅವನು ಬೆಳೆದದ್ದಾಯಿತು. ಇನ್ನು ಬರುವುದು ಬೇಡ ಅಂದುಬಿಡಲೇ?” ಎಂದ ಶಿಷ್ಯ.

ಗುರು ಹೇಳಿದ:

ಕೂತುಕೋ. ನನಗೆ ಅಕ್ಷರ ಬಾರದು. ಆದರೆ ನಾನು ಮುರಿದ ಕಾಲು ಕಟ್ಟಿ ಕಳಿಸಿದ ಒಬ್ಬ, ಮನೆಗೆ ಹೋಗುವ ದಾರಿಯಲ್ಲಿ ಓಡುವ ಮೊಲವನ್ನು ಅಟ್ಟಿ ಹಿಡಿದಿದ್ದಾನೆ. ನಗಬೇಡ, ಆ ಮೊಲವನ್ನು ನಾನೇ ನೋಡಿದ್ದೇನೆ. ಇಂಥ ನನಗೆ ವಿದ್ಯೆ ಕೊಟ್ಟವಳು ಒಬ್ಬ ಮುದುಕಿ. ಮಕ್ಕಳಿಗೆ ಮಾತ್ರ ಮದ್ದು ಕೊಡುತ್ತಿದ್ದಳು. ಮದ್ದಜ್ಜಿ ಅನ್ನುತ್ತಿದ್ದೆವು. ಅವಳು ಬೇರು ತೇಯುವ ಸದ್ದಿಗೇ ಏಳು ಊರಿನ ಕೂಸುಗಳು ಅಳು ನಿಲ್ಲಿಸುತ್ತಿದ್ದವು. ಅಂಥ ಕೈ ಈಗ ಎಲ್ಲಿದೆ?

ಒಬ್ಬ ನೇಕಾರನ ಮಗನಿಗೆ ಹುಟ್ಟಿನಿಂದ ಎಡಗಾಲು ಸೋತಿತ್ತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ತಾಯಿ ಅವನನ್ನು ಹೊತ್ತು ತರುತ್ತಿದ್ದಳು. ಮದ್ದಜ್ಜಿ ಮೊದಲು ಕಾಲನ್ನು ಮುಟ್ಟುತ್ತಿರಲಿಲ್ಲ. “ಏನೋ ಕಳ್ಳ, ಈ ವರ್ಷ ಯಾವ ಆಟ ಕಲಿತೆ?” ಅನ್ನುತ್ತಿದ್ದಳು. ಆಮೇಲೆ ತಾಯಿಗೆ, “ಇವನನ್ನು ಹೊತ್ತು ಹೊತ್ತು ನಿನ್ನ ಸೊಂಟ ಏನಾಗಿದೆ, ತೋರಿಸೇ” ಅನ್ನುತ್ತಿದ್ದಳು. ಕೊನೆಗೆ ಹುಡುಗನನ್ನು ಪಡಸಾಲೆಯ ಬೇವಿನ ಕಂಬಕ್ಕೆ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಒಂದು ಗೀರು ಹಾಕಿ, ಕಂಕುಳಿಗೆ ಆನಿಸುವ ಕವೆಗೋಲನ್ನು ಆ ಎತ್ತರಕ್ಕೆ ತಕ್ಕಂತೆ ಹೊಸದಾಗಿ ಕಡಿಯುತ್ತಿದ್ದಳು. ಆ ಕಂಬ ಈಗಲೂ ನನ್ನ ಕಣ್ಣ ಮುಂದಿದೆ. ಅದರ ಮೇಲೆ ಎಷ್ಟು ಮಕ್ಕಳ ಗೀರು ಅಂದರೆ, ಕಂಬ ಸವೆದು ಬಾಚಣಿಗೆಯಂತೆ ಆಗಿತ್ತು.

ಹುಡುಗನಿಗೆ ಹದಿನಾರು ತುಂಬಿತು. ಮದ್ದಜ್ಜಿ ಕೊನೆಯ ಗೀರು ಹಾಕಿದಳು, ಹೊನ್ನೆ ಮರದ ಕವೆಗೋಲು ಕೊಟ್ಟಳು. “ಇನ್ನು ನೀನು ಕೂಸಲ್ಲ. ಪೇಟೆಯ ವೈದ್ಯನ ಹತ್ತಿರ ಹೋಗು” ಅಂದಳು.

ಪೇಟೆಯ ವೈದ್ಯ ಕಾಲು ಒತ್ತಿ ನೋಡಿದ. ಇದು ಹೀಗೇ ಇರುತ್ತದೆ ಅಂದ. ಅಲ್ಲಿಗೆ ಮುಗಿಯಿತು.

ಹುಡುಗ ಅಪ್ಪನ ಮಗ್ಗಕ್ಕೆ ಕೂತು ತಾನೂ ನೇಕಾರನಾದ. ಮದುವೆಯಾದ, ಮಕ್ಕಳಾದವು. ಅಜ್ಜಿ ಕೊಟ್ಟ ಕೋಲೆಂದು ಅದಕ್ಕೆ ಹಬ್ಬ ಹಬ್ಬಕ್ಕೆ ಎಣ್ಣೆ ಹಚ್ಚಿದ. ಬೇರೆ ಕೋಲು ಮುಟ್ಟಲಿಲ್ಲ. ಮೂವತ್ತು ಮಳೆಗಾಲ ಕಳೆಯಿತು. ಒಂದು ದಿನ ಅವನ ಬಲಗೈಯಿಂದ ಲಾಳಿ ಜಾರಿ ಬಿತ್ತು. ಮರುದಿನವೂ ಬಿತ್ತು. ಮಣಿಕಟ್ಟು ಬಾಡಿದ ಸೊಪ್ಪಿನಂತೆ ಜೋತಿತು. ಮಗ್ಗ ನಿಂತಿತು. ವೈದ್ಯ ಕೈಗೆ ಎಣ್ಣೆ ಕೊಟ್ಟ. ಎಣ್ಣೆ ಮುಗಿಯಿತು, ಕೈ ಏಳಲಿಲ್ಲ. ಕೈ ಹೋದರೆ ನೇಕಾರನಿಗೆ ಉಳಿಯುವುದೇನು?

ಅವನು ಮದ್ದಜ್ಜಿಯ ಮನೆಗೆ ಬಂದ. ಆಗ ಅವಳಿಗೆ ನೂರಿಪ್ಪತ್ತು ವರ್ಷ, ನಾನು ಹೇಳುತ್ತಿದ್ದೇನಲ್ಲ, ಒಂದು ದಿನವೂ ಕಮ್ಮಿಯಿಲ್ಲ. ಕಣ್ಣು ಕಾಣುತ್ತಿರಲಿಲ್ಲ. ಕೈಯನ್ನು ಅವಳು ಮುಟ್ಟಲೇ ಇಲ್ಲ.

“ಕಂಬಕ್ಕೆ ನಿಲ್ಲು ಮಗಾ.”

“ಅಜ್ಜೀ, ನಾನು ಮೊಮ್ಮಕ್ಕಳನ್ನು ಕಂಡವನು!”

“ಕಂಡಿರು, ಯಾರು ಬೇಡ ಅಂದರು? ನಿಲ್ಲು.”

ನಿಂತ. ಅವಳು ಬೆರಳಾಡಿಸಿ ಅವನ ಕೊನೆಯ ಗೀರು ಹುಡುಕಿದಳು. ಗೀರು ಅವನ ನೆತ್ತಿಗಿಂತ ನಾಲ್ಕು ಬೆರಳು ಮೇಲಿತ್ತು. ಮಗ್ಗದ ಮೇಲೆ ಬಾಗಿ ಬಾಗಿ ಬೆನ್ನು ಕುಗ್ಗಿತ್ತು. ಕೋಲು ಮಾತ್ರ ಹದಿನಾರರ ಎತ್ತರದಲ್ಲೇ ಉಳಿದಿತ್ತು. ಹೆಜ್ಜೆ ಹೆಜ್ಜೆಗೂ ಬಲ ಕಂಕುಳನ್ನು ಒತ್ತಿ ಒತ್ತಿ ಕೈಯ ನರ ಸಾಯಿಸುತ್ತಿತ್ತು.

ಮದ್ದಜ್ಜಿ ಬಹಳ ಹೊತ್ತು ಆ ಗೀರಿನ ಮೇಲೆಯೇ ಕೈಯಿಟ್ಟುಕೊಂಡಿದ್ದಳು. “ತಪ್ಪು ನನ್ನದು. ಬೆಳೆಯುವ ತನಕ ಅಳೆದರೆ ಸಾಕು ಅಂದುಕೊಂಡೆ” ಅಂದಳು. ನನ್ನ ಕೈಗೆ ಗರಗಸ ಕೊಟ್ಟಳು. ಕೋಲಿನ ಬುಡದಿಂದ ನಾಲ್ಕು ಬೆರಳು ಕೊಯ್ದವನು ನಾನೇ. ಮೂರು ತಿಂಗಳಿಗೆ ಕೈ ಎದ್ದಿತು. ಲಾಳಿ ಮತ್ತೆ ಓಡಿದ ಸದ್ದಿಗೆ ಕೆರೆಯ ಕೊಕ್ಕರೆಗಳೆಲ್ಲ ಹಾರಿದವು. ಈ ಹೆಗಲ ಮೇಲಿನ ಶಲ್ಯ ಆ ಕೈಯದೇ.

ಗುರು ಮಾತು ನಿಲ್ಲಿಸಿ ಶಲ್ಯದ ಅಂಚನ್ನು ಸವರಿದ. ಶಿಷ್ಯ ಅಂಗಳದತ್ತ ನೋಡಿದ.

“ಹಾಗಾದರೆ ಅವನಿಗೆ ಏನು ಹೇಳಲಿ?”

“ಒಳಗೆ ಬಂದು ನಮ್ಮ ಪಡಸಾಲೆಯ ಕಂಬಕ್ಕೆ ನಿಲ್ಲು ಅನ್ನು, ಅವನಾದ ಮೇಲೆ ನೀನೂ ನಿಲ್ಲು, ನಿನ್ನನ್ನೂ ಯಾರಾದರೂ ಅಳೆದು ಬಹಳ ವರ್ಷವಾಗಿರಬೇಕು.”