ಅಜ್ಜನವರು ಚೌಕಾಸಿ ಮಾಡಿದ್ದು

ಹಿರೇಕೂಡಲದ ಹಳ್ಳವು ಹೊಳೆಯನ್ನು ಸೇರುವ ಕಡೆ, ಸುಡುಗಾಡಿಗೆ ಮುಖ ಮಾಡಿಕೊಂಡು ಒಂದು ಕಲ್ಲಿನ ಮಂಟಪವಿದೆ. ಪೂಜ್ಯ ಶ್ರೀ ಬೂದಯ್ಯ ಅಜ್ಜನವರು ಇಪ್ಪತ್ತೇಳು ವರ್ಷ ಅಲ್ಲಿಯೇ ವಾಸವಾಗಿದ್ದರು. ಮಠ ಕಟ್ಟಲಿಲ್ಲ, ಶಿಷ್ಯರನ್ನು ಮಾಡಿಕೊಳ್ಳಲಿಲ್ಲ. ಒಂದು ಕಂಬಳಿ, ಒಂದು ಪೊರಕೆ, ಒಂದು ಮಜ್ಜಿಗೆಯ ಗಡಿಗೆ, ಇಷ್ಟೇ ಅವರ ಆಸ್ತಿ. ಹೆಣ ಸುಟ್ಟು ಬಂದವರು ಮಂಟಪದ ಮೆಟ್ಟಿಲ ಮೇಲೆ ಕುಸಿದು ಕೂತರೆ ಅಜ್ಜನವರೇ ಎದ್ದು ಮಜ್ಜಿಗೆ ಕೊಡುತ್ತಿದ್ದರು. ಮಾತಿನಲ್ಲಿ ಸಮಾಧಾನ ಹೇಳುತ್ತಿರಲಿಲ್ಲ.

ಅವರು ತುಂಬಿದ ಹೊಳೆಯ ಮೇಲೆ ನಡೆದು ಬಂದರೆಂದು ಹೇಳುವ ಭಕ್ತರಿದ್ದಾರೆ. ನಾನು ನೋಡಿಲ್ಲ, ನೋಡಿದೆನೆಂದು ಸುಳ್ಳು ಹೇಳಿ ಆ ಪುಣ್ಯಾತ್ಮರಿಗೆ ಅಪಚಾರ ಮಾಡಲಾರೆ. ಆದರೆ ಅವರು ಒಮ್ಮೆ, ತಮ್ಮ ಜೀವಮಾನದಲ್ಲಿ ಒಮ್ಮೆ ಮಾತ್ರ, ಪೇಟೆಗೆ ಹೋಗಿ ಚೌಕಾಸಿ ಮಾಡಿದರು. ಅದನ್ನು ಕಣ್ಣಾರೆ ಕಂಡವರಿಂದಲೂ, ಯಾರೊಡನೆ ಚೌಕಾಸಿ ನಡೆಯಿತೋ ಆ ಮನುಷ್ಯನ ಬಾಯಿಂದಲೂ ಕೇಳಿದ್ದೇನೆ. ನನ್ನ ಮಟ್ಟಿಗೆ ಹೊಳೆಯ ಮೇಲೆ ನಡೆಯುವುದಕ್ಕಿಂತ ಇದು ದೊಡ್ಡದು.

ಆ ಮನುಷ್ಯನ ಹೆಸರು ಕಾಳಪ್ಪ ಬಡಿಗೇರ. ಹಿರೇಕೂಡಲದ ಬಸ್ಸು ನಿಲ್ಲುವ ಕಟ್ಟೆಯ ಎದುರಿಗೆ ಅವನ ಮರಗೆಲಸದ ಕಮ್ಮಟಸಾಲೆ. ಬಂಡಿ ಮಾಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವನನ್ನು ಬಿಟ್ಟರಿಲ್ಲ. ರೈತರು ಬಂಡಿಯ ಬೆಲೆಗೆ ಮೂರು ದಿನ ಚೌಕಾಸಿ ಮಾಡುತ್ತಿದ್ದರು. ಅವನೂ ನಗುನಗುತ್ತ ಇಳಿಯುತ್ತಿದ್ದ, ಕೊನೆಗೆ ಇಬ್ಬರಿಗೂ ಸರಿಕಂಡ ಬೆಲೆಗೆ ಬಂಡಿ ಹೋಗುತ್ತಿತ್ತು. ಅದರಲ್ಲಿ ಅವನು ಯಾರಿಗೂ ಮೋಸ ಮಾಡಿದವನಲ್ಲ.

ಅಸ್ಥಿ ಒಯ್ಯುವ ಪೆಟ್ಟಿಗೆಯದು ಅವನ ಉಪಕಸುಬು. ಬಸ್ಸು ಬಂದ ಮೇಲೆ ಹುಟ್ಟಿಕೊಂಡದ್ದು. ಪರಸ್ಥಳದವರು ಇಲ್ಲಿ ತೀರಿಕೊಂಡರೆ ಅವರ ಅಸ್ಥಿಯನ್ನು ಮಣ್ಣಿನ ಕುಡಿಕೆಯಲ್ಲಿ ಒಯ್ಯಬೇಕಾಗಿತ್ತು. ಬಸ್ಸಿನ ಕುಲುಕಾಟಕ್ಕೆ ಕುಡಿಕೆ ಒಡೆಯುತ್ತಿತ್ತು. ಒಡೆಯದಿದ್ದರೂ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಕುಡಿಕೆ ಕಂಡ ಕೂಡಲೇ ಜನ ದೂರ ಸರಿಯುತ್ತಿದ್ದರು, ಕಂಡಕ್ಟರು ಹತ್ತಬೇಡಿ ಎನ್ನುತ್ತಿದ್ದ. ಕಾಳಪ್ಪ ಇದನ್ನು ದಿನಾ ನೋಡುತ್ತಿದ್ದವನು, ಬಂಡಿಯ ಕೆಲಸದಲ್ಲಿ ಮಿಕ್ಕ ತೇಗದ ತುಂಡುಗಳಿಂದ ಒಂದು ಪುಟ್ಟ ಪೆಟ್ಟಿಗೆ ಮಾಡಿದ. ಅಸ್ಥಿಗೆ ಕಬ್ಬಿಣ ತಾಗಬಾರದೆಂದು ಮೊಳೆ ಹೊಡೆಯದೆ ಮರದ ಗೂಟದಲ್ಲೇ ಕೂಡಿಸಿದ. ಮುಚ್ಚಳ ಸರಿಸಿದರೆ ಗಟ್ಟಿಯಾಗಿ ಕೂರುತ್ತಿತ್ತು. ಹೊರಗಿನಿಂದ ನೋಡಿದರೆ ಕುಂಕುಮ ಅರಿಶಿನದ ಪೆಟ್ಟಿಗೆಯೇ. ನಿಜವಾಗಿ ಅದು ಉಪಕಾರದ ಕೆಲಸ. ಅರ್ಧ ದಿನದ ಕೂಲಿ ಹಿಡಿದು ಹನ್ನೆರಡಾಣೆ ಎಂದು ಬೆಲೆ ಇಟ್ಟ.

ನಮ್ಮ ಕಡೆ ಒಂದು ರೂಢಿಯಿದೆ. ಸತ್ತವರ ಸಾಮಾನಿಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಬಿಳಿ ಬಟ್ಟೆಯಿರಲಿ, ಬಿದಿರಿರಲಿ, ಅಂಗಡಿಯವನು ಹೇಳಿದಷ್ಟು ಕೊಟ್ಟು ತಲೆ ತಗ್ಗಿಸಿ ಬರಬೇಕು. ಕೊಟ್ಟದ್ದನ್ನು ಮರಳಿ ಮುಟ್ಟುವಂತೆಯೂ ಇಲ್ಲ. ಹಾಗೆ ಮಾಡಿದರೆ ಸತ್ತವರು ಮುಂದೆ ಹೋಗಲಾರದೆ ದಾರಿಯಲ್ಲೇ ನಿಂತುಬಿಡುತ್ತಾರೆಂದು ನಂಬಿಕೆ.

ಒಂದು ದಿನ ಕಾಳಪ್ಪನ ಬಾಯಿ ತಪ್ಪಿತೋ, ಮನಸ್ಸು ತಪ್ಪಿತೋ, ಹನ್ನೆರಡಾಣೆ ಎನ್ನುವ ಬದಲು ಎರಡು ರೂಪಾಯಿ ಎಂದ. ಕೊಳ್ಳುವವನು ಕಣ್ಣೊರೆಸಿಕೊಂಡು ಎರಡು ರೂಪಾಯಿ ಇಟ್ಟು ಹೋದ. ಅಂದಿನಿಂದ ಪೆಟ್ಟಿಗೆಗೆ ಬೆಲೆ ಎಂಬುದೇ ಇಲ್ಲವಾಯಿತು. ಬಂದವರ ಕಾಲಲ್ಲಿ ಚಪ್ಪಲಿ ಇದೆಯೋ, ಕಿವಿಯಲ್ಲಿ ಒಂಟಿ ಇದೆಯೋ, ಎಷ್ಟು ಅತ್ತಿದ್ದಾರೆ, ಇದನ್ನೆಲ್ಲ ನೋಡಿ ಬಾಯಿಗೆ ಬಂದದ್ದು ಹೇಳತೊಡಗಿದ. ಹೆಚ್ಚು ಅತ್ತವರು ಹೆಚ್ಚು ಕೊಡುತ್ತಾರೆಂದು ಅವನಿಗೆ ಬೇಗ ತಿಳಿಯಿತು. ಮನೆಗೆ ತಗಡಿನ ಮಾಡು ಬಂತು, ಹೆಂಡತಿಯ ಕೊರಳಿಗೆ ಚಿನ್ನದ ಬೋರಮಾಳ ಬಂತು.

ಅಜ್ಜನವರ ಮಾತು ಬಂದರೆ ಅವನು ಗೇಲಿ ಮಾಡುತ್ತಿದ್ದ. "ಅವರೂ ಸುಡುಗಾಡ ಮ್ಯಾಲ ಜೀವನ ಮಾಡ್ತಾರ, ನಾನೂ ಮಾಡ್ತೀನಿ. ಅವರು ಪುಗಸಟ್ಟೆ, ನಾ ರೊಕ್ಕಕ್ಕ. ಅಷ್ಟ ಫರಕು" ಎನ್ನುತ್ತಿದ್ದ. ಈ ಮಾತು ಅಜ್ಜನವರ ಕಿವಿಗೂ ಬಿದ್ದಿತ್ತು.

ವಾಂತಿಭೇದಿಯ ಬೇನೆ ಬಂದ ವರ್ಷ. ಬೇಸಗೆ. ಹೊಳೆಯಾಚೆ ಸಡಕಿನ ಕೆಲಸಕ್ಕೆ ಬಂದಿದ್ದ ಕೂಲಿಯವರಲ್ಲಿ ದಿನಕ್ಕೆ ಇಬ್ಬರು ಮೂವರು ಸಾಯುತ್ತಿದ್ದರು. ಸೊನ್ನಾಪುರದ ತಾನುಬಾಯಿಯ ಗಂಡ ಪರಸು ಹೀಗೆ ಒಂದೇ ಹಗಲಿನಲ್ಲಿ ತೀರಿಕೊಂಡ. ಆಕೆಗೆ ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು. ಜೊತೆಯವರು ಹೆದರಿ ಊರುಗಳಿಗೆ ಓಡಿಹೋಗಿದ್ದರು. ಅಜ್ಜನವರೇ ಕಟ್ಟಿಗೆ ಹೊತ್ತು ಚಿತೆ ಒಟ್ಟಿದರು. ಮೂರನೆಯ ದಿನ ಆಕೆಯೊಡನೆ ಕೂತು ಅಸ್ಥಿ ಆಯ್ದರು.

ಇಲ್ಲಿಯೇ ಹೊಳೆಗೆ ಬಿಡಬಹುದಿತ್ತು. ಆದರೆ ಪರಸುವಿನ ಮನೆತನದಲ್ಲಿ ತಾಯಿ ಬದುಕಿರುವಾಗ ಮಗ ಸತ್ತರೆ ಅಸ್ಥಿಯನ್ನು ತಾಯಿಗೆ ತೋರಿಸದೆ ನೀರಿಗೆ ಬಿಡುವಂತಿಲ್ಲ. ಒಂದು ರಾತ್ರಿ ಮನೆಯ ಮುಂದಿನ ಮರಕ್ಕೆ ಕಟ್ಟಿಟ್ಟು, ಬೆಳಗಾದ ಮೇಲೆ ತಾಯಿಯೇ ಬೀಳ್ಕೊಡಬೇಕು. ಸೊನ್ನಾಪುರ ಇಪ್ಪತ್ತೆರಡು ಮೈಲಿ. ಬಸ್ಸಿಗೆ ಒಂದು ರೂಪಾಯಿ. ತಾನುಬಾಯಿಯ ಸೆರಗಿನ ಗಂಟಿನಲ್ಲಿ ಎರಡು ರೂಪಾಯಿ ಇತ್ತು. ಅಜ್ಜನವರು "ಮುಂಜಾನಿ ಬಸ್ಸಿಗೆ ಹೋಗವ್ವಾ" ಎಂದು ಮಜ್ಜಿಗೆ ಕೊಟ್ಟು ಕಳಿಸಿದರು.

ಪೆಟ್ಟಿಗೆ ಕೊಳ್ಳಲು ಬಂದ ಆಕೆಯನ್ನು ಕಾಳಪ್ಪ ನೋಡಿದ. ಚಪ್ಪಲಿ ಇರಲಿಲ್ಲ, ಆದರೆ ಕಾಲ್ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರವಿತ್ತು.

"ಐದು ರೂಪಾಯಿ" ಎಂದ.

ಆಕೆ ಗಂಟು ಬಿಚ್ಚಿ ಎರಡೂ ರೂಪಾಯಿಗಳನ್ನು ಇಟ್ಟಳು. ಅಲ್ಲೇ ನೆಲದ ಮೇಲೆ ಕೂತು ಕಾಲುಂಗುರ ತೆಗೆಯತೊಡಗಿದಳು. ಬೆರಳು ಊದಿಕೊಂಡಿದ್ದರಿಂದ ಬೇಗ ಬರಲಿಲ್ಲ. ಕಾಳಪ್ಪ ಉಂಗುರಗಳನ್ನು ಅಂಗೈಯಲ್ಲಿ ತೂಗಿ ನೋಡಿ, ಸರಿಹೋಯಿತು ಎಂದು ಪೆಟ್ಟಿಗೆ ಕೊಟ್ಟ. ಆಕೆಯ ಸೆರಗಿನ ಗಂಟು ಖಾಲಿಯಾದದ್ದನ್ನು ತಾನು ಕಂಡಿದ್ದೆ ಎಂದು ಆತ ಮುಂದೆ ನನಗೆ ತಾನಾಗಿಯೇ ಹೇಳಿದ. ಕಂಡೂ ಸುಮ್ಮನಿದ್ದೆ ಎಂದ.

ಎದುರಿಗೇ ಬಸ್ಸು ನಿಂತಿತ್ತು. ತಾನುಬಾಯಿ ಅಸ್ಥಿಯನ್ನು ಪೆಟ್ಟಿಗೆಗೆ ಹಾಕಿ, ಸೆರಗಿನಲ್ಲಿ ಸುತ್ತಿ ಎದೆಗವುಚಿಕೊಂಡು ಬಸ್ಸನ್ನು ದಾಟಿ ಸಡಕು ಹಿಡಿದು ನಡೆದಳು. ದಾರಿಯಲ್ಲಿ ಆಕೆಗೂ ಬೇನೆ ಬಂದಿತೋ, ಆ ಬಿಸಿಲೇ ಸಾಕಾಯಿತೋ, ಹೇಳುವವರಿಲ್ಲ. ಸಂಜೆಗೆ ಮುಂಚೆ ಬಂಡಿಯವರು ಐದನೆಯ ಮೈಲಿಗಲ್ಲಿನ ಹತ್ತಿರ, ಬೇವಿನ ಮರಕ್ಕೆ ಒರಗಿ ಕೂತಿದ್ದ ಆಕೆಯನ್ನು ಕಂಡು ಮಾತಾಡಿಸಿದರು. ಜೀವ ಇರಲಿಲ್ಲ. ಪೆಟ್ಟಿಗೆ ಮಡಿಲಲ್ಲಿತ್ತು, ಮುಚ್ಚಳ ಸರಿದಿರಲಿಲ್ಲ.

ಅವರು ಹೆಣವನ್ನು ಅಜ್ಜನವರ ಬಳಿಗೇ ತಂದರು. ಅಜ್ಜನವರು ಪೆಟ್ಟಿಗೆ ನೋಡಿದರು, ಖಾಲಿ ಗಂಟು ನೋಡಿದರು, ಕಾಲ್ಬೆರಳುಗಳಲ್ಲಿ ಉಂಗುರವಿದ್ದ ಕಡೆ ಉಳಿದಿದ್ದ ಬಿಳಿಯ ಗುರುತು ನೋಡಿದರು. ಮತ್ತೆ ಕಟ್ಟಿಗೆ ಹೊತ್ತರು. ಮೂರು ದಿನ ಅನ್ನ ಮುಟ್ಟಲಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಮೂರನೆಯ ದಿನ ಅಸ್ಥಿ ಆಯ್ದ ಮೇಲೆ ಅವರು ಕಂಬಳಿ ಹೊದ್ದು ಪೇಟೆಗೆ ಬಂದರು. ಇಪ್ಪತ್ತೈದು ವರ್ಷಗಳಲ್ಲಿ ಸುಡುಗಾಡಿನ ದಾರಿ ದಾಟಿ ಬಾರದವರು ಬಂದದ್ದನ್ನು ಕಂಡು ಜನ ಎದ್ದು ನಿಂತರು. ಕಮ್ಮಟಸಾಲೆಯಲ್ಲಿ ಗಾಲಿ ರಿಪೇರಿಗೆ ಬಂದಿದ್ದ ಇಬ್ಬರು ರೈತರಿದ್ದರು. ಕಾಳಪ್ಪ ಉಳಿ ಕೆಳಗಿಟ್ಟ.

"ದೊಡ್ಡ ಪೆಟ್ಟಿಗಿ ಬೇಕಾಗಿತ್ತಪಾ. ಏನ್ ಬೆಲಿ?" ಎಂದು ಅಜ್ಜನವರು ಕೇಳಿದರು.

"ನಿಮಗೆಂಥಾ ಬೆಲಿರೀ ಅಜ್ಜಾರ. ಹಂಗ ಒಯ್ಯಿರಿ."

"ನನಗಲ್ಲ. ಮಂದಿಗೆ ಹೇಳೋ ಬೆಲಿ ಹೇಳು."

ಕಾಳಪ್ಪ ತಡವರಿಸಿ, "ಐದು" ಎಂದ.

"ಜಾಸ್ತಿ ಆತು" ಎಂದರು ಅಜ್ಜನವರು.

ರೈತರಿಬ್ಬರೂ ಗಾಬರಿಯಾದರು. ಊರ ಕೂಸಿಗೂ ಗೊತ್ತಿರುವ ರೂಢಿ ಅಜ್ಜನವರಿಗೆ ಗೊತ್ತಿಲ್ಲವೇ? ಒಬ್ಬ ಕೈ ಮುಗಿದು, "ಬ್ಯಾಡ್ರೀ ಅಜ್ಜಾರ, ಅದಕ್ಕ ಚೌಕಾಸಿ ಮಾಡಬಾರದು. ಸತ್ತವರು ದಾರ್ಯಾಗ ನಿಂತಬಿಡ್ತಾರ" ಎಂದ.

ಅಜ್ಜನವರು ಅವನ ಕಡೆ ತಿರುಗಿ, "ನಿಂತ ಬಿಟ್ಟಾಳಪಾ. ಐದನೇ ಮೈಲಿಗೆ" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಅಜ್ಜನವರು ಮತ್ತೆ ಕಾಳಪ್ಪನ ಕಡೆ ನೋಡಿ, "ಜಾಸ್ತಿ ಆತು" ಎಂದರು. ಅವನು ನಾಲ್ಕಕ್ಕೆ ಇಳಿದ. ಅಜ್ಜನವರು ಅದನ್ನೇ ಇನ್ನೊಮ್ಮೆ ಎಂದರು, ಅವನು ಎರಡಕ್ಕೆ ಇಳಿದ. ಮತ್ತೊಮ್ಮೆ ಎಂದರು. ಕಾಳಪ್ಪನ ಮುಖ ಬೆವರಿತ್ತು. "ಹನ್ನೆರಡಾಣೆ ಕೊಡ್ರಿ" ಎಂದ.

ಆಗ ಅಜ್ಜನವರು ಕಂಬಳಿಯೊಳಗಿಂದ ಒಂದು ಪೆಟ್ಟಿಗೆ ತೆಗೆದು ಅವನ ಮುಂದಿಟ್ಟರು. ಮುಚ್ಚಳ ಅರ್ಧಕ್ಕೆ ನಿಂತಿತ್ತು.

"ಇದರಾಗ ಇಬ್ಬರು ಹಿಡಸವಲ್ಲರು" ಎಂದರು.

ತನ್ನ ಕೈಯ ಕೆಲಸ ಯಾವ ಬಡಿಗನಿಗೆ ಗುರುತು ಸಿಗುವುದಿಲ್ಲ? ಕಾಳಪ್ಪ ಪೆಟ್ಟಿಗೆ ನೋಡಿದ, ಮುಚ್ಚಳದ ಸಂದಿಯಲ್ಲಿ ಕಾಣುತ್ತಿದ್ದುದನ್ನು ನೋಡಿದ. ನಿಂತವನು ಕೂತ. ಅವನ ಬಾಯಿಂದ ಹೊರಟ ಮಾತು ಇದು:

"ಆಕಿನೂ ಒಂದ್ ಮಾತ ಅಂದಿದ್ರ ಇಳಸ್ತಿದ್ನಿರೀ ಅಜ್ಜಾರ. ಖರೇನೂ ಇಳಸ್ತಿದ್ನಿ."

"ಅನ್ನಬಾರದು ಅಂತ ಆಕಿಗೆ ಗೊತ್ತಿತ್ತು. ಅನ್ನಂಗಿಲ್ಲ ಅಂತ ನಿನಗ ಗೊತ್ತಿತ್ತು" ಎಂದರು ಅಜ್ಜನವರು.

ಅಷ್ಟು ಹೇಳಿ ಅವರು ಹನ್ನೆರಡಾಣೆ ಎಣಿಸಿಟ್ಟರು. ಯಾರೋ ಭಕ್ತರು ಮಜ್ಜಿಗೆಗೆಂದು ಕೊಟ್ಟಿದ್ದ ಕಾಸು ಅದು. ಕಾಳಪ್ಪ ಅದನ್ನು ಮುಟ್ಟಲಿಲ್ಲ. ಇಬ್ಬರ ಅಸ್ಥಿಯನ್ನೂ ದೊಡ್ಡ ಪೆಟ್ಟಿಗೆಗೆ ಹಾಕಿ ಮುಚ್ಚಳ ಸರಿಸಿದ. "ಇವರದು ಯಾವೂರು, ಯಾರ ಮನಿರೀ?" ಎಂದು ಕೇಳಿದ. ಅಜ್ಜನವರು ಹೇಳಿದರು. ಅವನು ಕಾಲುಂಗುರಗಳನ್ನು ಧೋತರದ ಮಡಿಕೆಗೆ ಸಿಕ್ಕಿಸಿಕೊಂಡು, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು, ಚಪ್ಪಲಿ ಬಿಟ್ಟು ಹೊರಟ. ಬಸ್ಸಿನವನು ಪರಿಚಯದವನೇ, ಬಾ ಎಂದು ಕರೆದ. ಇವನು ಹತ್ತಲಿಲ್ಲ. ಐದನೆಯ ಮೈಲಿಯ ಬೇವಿನ ಮರದ ಕೆಳಗೆ ತಾನು ಕೂತು ಅತ್ತದ್ದನ್ನು ನನಗೆ ಹೇಳುವಾಗಲೂ ಅವನು ಅತ್ತ.

ಮರುದಿನ ಹೊತ್ತೇರುವ ಮೊದಲು ಸೊನ್ನಾಪುರ ಮುಟ್ಟಿದ. ಪರಸುವಿನ ತಾಯಿ ಭಾಗೂಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗ ಸತ್ತ ಸುದ್ದಿ ಕೂಲಿಯವರಿಂದ ಬಂದಿತ್ತು. ಸೊಸೆಯ ದಾರಿ ಕಾಯುತ್ತಿದ್ದಳು.

"ನಮ್ಮ ತಾನೂ ಎಲ್ಲಿ ಅದಾಳಪಾ?" ಎಂದು ಕೇಳಿದಳು.

ಕಾಳಪ್ಪ ಪೆಟ್ಟಿಗೆಯನ್ನು ಇಳಿಸಿ, "ಇದರಾಗ" ಎಂದ.

ಮುದುಕಿ ಅಳಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ಮೂಲೆಗಳನ್ನು ಮುಟ್ಟಿ ನೋಡಿದಳು. "ಭಾಳ ಚಂದ ಮಾಡ್ಯಾರ. ಹಿಂತಾ ಪೆಟ್ಟಿಗಿ ನಮ್ಮ ಮನಿಯಾಗ ಎಂದೂ ಇದ್ದಿದ್ದಿಲ್ಲ. ಏನ್ ಕೊಟ್ಟಳು?" ಎಂದಳು.

ಅವನು ಕಾಲುಂಗುರಗಳನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟ. ಮದುವೆಯ ದಿನ ಸೊಸೆಯ ಕಾಲಿಗೆ ತೊಡಿಸಲು ಭಾಗೂಬಾಯಿ ತಾನೇ ಮಾಡಿಸಿದ್ದ ಉಂಗುರಗಳು. ಮುದುಕಿ ಅವನ್ನು ನೋಡಿದಳು, ಅವನನ್ನು ನೋಡಿದಳು. ಎಲ್ಲ ತಿಳಿಯಿತೋ ಏನೋ. ಉಂಗುರಗಳನ್ನು ಅವನ ಕೈಗೇ ಮರಳಿ ಇಟ್ಟಳು.

"ಸತ್ತವರ ಸಾಮಾನಿಗೆ ಕೊಟ್ಟದ್ದನ್ನ ಹೊಳ್ಳಿ ತಗೋಬಾರದು. ಇಟಗೊಳ್ಳಪಾ, ನಿನ್ನವು ಇವು" ಎಂದಳು.

ಅವನು ಕಾಲಿಗೆ ಬಿದ್ದ. ಬೇಡಿಕೊಂಡ. ಆಕೆ ಕೈ ಚಾಚಲಿಲ್ಲ. ಯಾವ ರೂಢಿಯ ನೆರಳಲ್ಲಿ ಅವನು ತಗಡಿನ ಮಾಡು ಹಾಕಿಸಿಕೊಂಡಿದ್ದನೋ ಅದೇ ರೂಢಿ ಈಗ ಅವನ ಕೈಯಲ್ಲಿ ಎರಡು ಬೆಳ್ಳಿಯ ಉಂಗುರವಾಗಿ ಕೂತಿತು.

ಊರಿಗೆ ಮರಳಿ ನೇರವಾಗಿ ಮಂಟಪಕ್ಕೆ ಹೋದ. ಅಜ್ಜನವರು ಮೆಟ್ಟಿಲು ಗುಡಿಸುತ್ತಿದ್ದರು. "ಇವನ್ನ ಏನ್ ಮಾಡ್ಲಿರೀ? ಹೊಳಿಗೆ ಒಗದ ಬಿಡ್ಲ್ಯಾ? ಪೆಟ್ಟಿಗಿ ಕೆಲಸಾನ ಬಿಟ್ಟ ಬಿಡ್ತೀನಿ" ಎಂದ.

"ನೀ ಬಿಟ್ರ ಮಂದಿ ಕುಡಿಕಿ ಹಿಡಕೊಂಡ ಬಸ್ಸಿಗೆ ಅಲೀಬೇಕು. ಬಿಡಬ್ಯಾಡ" ಎಂದರು ಅಜ್ಜನವರು. ಪೊರಕೆ ನಿಲ್ಲಿಸಿ ಅವನ ಮುಖ ನೋಡಿದರು. "ಬಂದವರು ಬಾಯಿ ಮುಚ್ಚಿಗೊಂಡ ಬರ್ತಾರ. ಅವರ ಚೌಕಾಸಿ ನೀನ ಮಾಡು."

ಅವನಿಗೆ ಅವರು ಕೊಟ್ಟ ಉಪದೇಶ ಇಷ್ಟೇ. ಅದಾದ ಎರಡನೆಯ ವರ್ಷ ಅಜ್ಜನವರು ದೇಹ ಬಿಟ್ಟರು.

ನನ್ನ ತಂದೆಯವರನ್ನು ಹಿರೇಕೂಡಲದಲ್ಲಿ ಸುಟ್ಟದ್ದು ಅದಕ್ಕೂ ಐದು ವರ್ಷದ ಮೇಲೆ. ನಾನು ಆ ಕಮ್ಮಟಸಾಲೆಯ ಬಾಗಿಲಲ್ಲಿ ಹೋಗಿ ನಿಂತೆ. ಕಾಳಪ್ಪನ ತಲೆ ಪೂರ್ತಿ ಬೆಳ್ಳಗಾಗಿತ್ತು. ಪೆಟ್ಟಿಗೆಗಳಿದ್ದ ಹಲಗೆಯ ಮೇಲೆ ಗೋಡೆಯ ಗೂಟಕ್ಕೆ ಎರಡು ಕಾಲುಂಗುರ ತೂಗುತ್ತಿದ್ದವು. ಈ ಕಥೆ ನನಗೆ ಆಗ ಗೊತ್ತಿರಲಿಲ್ಲ. ಬೆಲೆ ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಕಾಲೂ ನೋಡಲಿಲ್ಲ, ಗೋಡೆಯ ಕಡೆ ತಿರುಗಿ, "ಎರಡು ರೂಪಾಯಿ" ಎಂದ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವನೇ ಮತ್ತೊಬ್ಬರ ದನಿಯಲ್ಲೆಂಬಂತೆ ಜಗಳಕ್ಕೆ ನಿಂತ. "ಯಾಕಪಾ ಎರಡು? ಮರ ಬಂಡಿದು, ಮಿಕ್ಕಿದ್ದು. ಜಾಸ್ತಿ ಆತು." "ಹಂಗಾರ ಒಂದೂವರಿ." "ಅರ್ಧ ದಿನದ ಕೆಲಸಕ್ಕ ಒಂದೂವರಿ? ಜಾಸ್ತಿ ಆತು." "ಹನ್ನೆರಡಾಣೆ." ಇಲ್ಲಿಗೆ ಮುಗಿಯಿತೆಂದುಕೊಂಡೆ. ಅವನು ಕಾಲುಂಗುರಗಳನ್ನು ಬೆರಳಿಂದ ಮುಟ್ಟಿದ. "ಇನ್ನೂ ಜಾಸ್ತಿ ಆತು" ಎಂದ.

ತಂದೆ ಸತ್ತಾಗಿನಿಂದ ಬಾರದಿದ್ದ ಅಳು ನನಗೆ ಅಲ್ಲಿ ಬಂತು. ಕೊನೆಗೆ ಅವನೇ ಇಳಿಸಿದ ಹತ್ತಾಣೆ ಕೊಟ್ಟು ಪೆಟ್ಟಿಗೆ ತೆಗೆದುಕೊಂಡೆ.