ಗೆಲ್ಲಲೇಬೇಕಾದ ಮಗ

ಗರಡಿಯಲ್ಲಿ ಕುಸ್ತಿಗೆ ಜೋಡಿ ಕಟ್ಟುವವನು ಜವರಯ್ಯ. ಗರಡಿಯ ಜಾಗ ಸಾಹುಕಾರ ಗುರುಮಲ್ಲಪ್ಪನವರದು. ಅವರು ಬಂದು ಅಪ್ಪಣೆ ಮಾಡಿದರು: "ನಾಳೆ ನನ್ನ ಮಗ ಗೆಲ್ಲಬೇಕು. ಎದುರಾಳಿಗೆ ಬಿದ್ದುಬಿಡು ಅಂತ ಹೇಳು. ಇಲ್ಲದಿದ್ರೆ ಎಲ್ಲರೂ ಜಾಗ ಖಾಲಿ ಮಾಡಿ."

ಎದುರಾಳಿ ವರ್ಷವಿಡೀ ಕುಸ್ತಿಯ ಮಟ್ಟಿ ಮಣ್ಣಿನಲ್ಲಿ ಬೆವರು ಸುರಿಸಿದವನು. ಆದರೂ ಜವರಯ್ಯ ವಿನಯದಿಂದ ತಲೆಯಾಡಿಸಿದ.

"ಆಗಲಿ ಬುದ್ಧಿ. ಗೆದ್ದವರು ಅಲ್ಲೇ ಇನ್ನೊಂದು ಜೋಡಿಗೆ ನಿಲ್ಲಬೇಕು, ಅದು ಇಲ್ಲಿನ ಕಟ್ಟಳೆ. ಅದನ್ನೂ ಈಗಲೇ ಬರ್ಕೊಳ್ತೀನಿ."

"ಯಾರ ಜೊತೆ?"

ಜವರಯ್ಯ ಮೂಲೆಯತ್ತ ತೋರಿಸಿದ. ಅಲ್ಲಿ ಕೆಂಚೇಗೌಡ ಪೈಲ್ವಾನರು ಹೆಗಲ ಮೇಲೆ ಇಬ್ಬರನ್ನು ಕೂರಿಸಿಕೊಂಡು ಬಸ್ಕಿ ಹೊಡೆಯುತ್ತಿದ್ದರು.

ಸಾಹುಕಾರರು ಎಣಿಸತೊಡಗಿದರು. ಐವತ್ತಕ್ಕೆ ಅವರು ನಿಲ್ಲಿಸಿದರು. ಪೈಲ್ವಾನರು ನಿಲ್ಲಿಸಲಿಲ್ಲ.

"ಸೋತವರು ಏನ್ಮಾಡ್ತಾರೆ, ಜವರಯ್ಯ?"

"ಮನೆಗೆ ಹೋಗಿ ಬಾದಾಮಿ ಹಾಲು ಕುಡಿದು ಮಲಗ್ತಾರೆ ಬುದ್ಧಿ."

ಸಾಹುಕಾರರು ಗಂಭೀರವಾಗಿ ಎದ್ದರು. "ಕುಸ್ತಿ ನ್ಯಾಯವಾಗೇ ನಡೀಲಿ ಬಿಡು. ಮನೇಲಿ ಎರಡು ಎಮ್ಮೆ ಹಾಲು ಕೊಡ್ತಾವೆ."