ಮಡುವಿಗೆ ಬಂದ ಅತಿಥಿಗಳು

ಒಂದು ಕಾಡಿನಲ್ಲಿ, ಹೊಳೆ ತಿರುಗುವ ಜಾಗದಲ್ಲಿ, ಆಳವಾದ ಮಡುವಿತ್ತು. ಅಲ್ಲಿ ನೀರುನಾಯಿಗಳು ಬಾಳುತ್ತಿದ್ದವು. ಅವುಗಳಿಗೆ ಒಂದು ಕಟ್ಟಳೆಯಿತ್ತು. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಯಾರೂ ಮಡುವಿಗೆ ಇಳಿಯುತ್ತಿರಲಿಲ್ಲ. ಹೊಳೆಯಂಚಿನ ಏಡಿ ತಿಂದು ಹೊಟ್ಟೆ ಹೊರೆಯುತ್ತಿದ್ದವು.

ಯಾರೂ ಮುಟ್ಟದೆ ಮೀನು ತುಂಬಿದ ಈ ಮಡುವನ್ನು ಒಂದು ನರಿ ನೋಡಿತು. ದೂರದ ಕೆರೆಗೆ ಹೋಗಿ ಹೆಜ್ಜಾರ್ಲೆಗಳನ್ನು ಕರೆತಂದಿತು. ಜೋಳಿಗೆಯಂಥ ಕೊಕ್ಕಿನ ಆ ದೊಡ್ಡ ಹಕ್ಕಿಗಳು ಹಿಡಿದ ಮೀನಿನಲ್ಲಿ ನರಿಗೂ ಪಾಲು ಎಂದು ಮಾತಾಯಿತು.

"ಇದು ಮೊಟ್ಟೆಯ ಕಾಲ. ಈಗ ಬೇಡ," ಎಂದಳು ಹಿರಿಯ ನೀರುನಾಯಿ ಸಣ್ಣವ್ವ.

"ಅತಿಥಿಗಳಿಗೆ ಬಿಡುವಿರುವುದೇ ಈಗ, ಸಣ್ಣವ್ವ," ಎಂದಿತು ನರಿ. " ಅವರು ಬಂದರೆ ಕಾಡಿಗೇ ಹೆಸರು. ನಿಮಗೂ ಕೂತಲ್ಲೇ ಊಟ."

"ಕೂತು ಉಣ್ಣುವ ಚಟ ನಿನ್ನದು. ನಮ್ಮದಲ್ಲ."

ಆದರೆ ಎಳೆಯ ನೀರುನಾಯಿಗಳು ಆ ಮಾತಿಗೆ ಸೋತವು. ಮೀನುಗಳನ್ನು ಅಟ್ಟಿ ಅಟ್ಟಿ ಹಕ್ಕಿಗಳ ಕೊಕ್ಕಿಗೆ ಸೇರಿಸಿದವು. ಹಕ್ಕಿಗಳು ಮೋಜಿಗೆಂದು ಕೇಳಿದಾಗಲೆಲ್ಲ ತಾವೇ ನೀರಿನಲ್ಲಿ ಪಲ್ಟಿ ಹೊಡೆದವು. ಸಂಜೆಗೆ ಸಿಕ್ಕಿದ್ದು ನರಿ ತಿಂದು ಉಗಿದ ಮೀನಿನ ತಲೆ.

ಆಮೇಲೆ ನರಿ ಇನ್ನೊಂದು ಮಾತು ತಂದಿತು. "ನಿಮ್ಮ ಮೈವಾಸನೆ ಅತಿಥಿಗಳಿಗೆ ಆಗುವುದಿಲ್ಲವಂತೆ. ಬಿಲ ಬಿಟ್ಟು ಬಂಡೆಯಾಚೆ ಇರಿ. ಕರೆದಾಗ ಬಂದು ಕುಣಿದರೆ ಸಾಕು."

"ಮಡು ನಮ್ಮದು, ಮೀನು ನಮ್ಮದು. ಕುಣಿಯುವವರೂ ನಾವೇ ಏನೋ?" ಸಣ್ಣವ್ವ ಹಲ್ಲು ಕಡಿದಳು.

"ಸಿಟ್ಟು ಮಾಡಿದರೆ ತಲೆಯೂ ಸಿಗದು," ಎಂದು ನರಿ ನಕ್ಕಿತು.

ಬಳಗವೆಲ್ಲ ಬಿಲ ಬಿಟ್ಟು ಬಂಡೆಯಾಚೆ ಸೇರಬೇಕಾಯಿತು. ಅಲ್ಲಿ ಮರೆಯಿರಲಿಲ್ಲ. ಗಾಳಿಮಳೆಗೆ, ಹಸಿವಿಗೆ ಸಣ್ಣವ್ವನ ಪುಟ್ಟ ಮೊಮ್ಮಗು ಸತ್ತುಹೋಯಿತು. ಅಂದೇ ಅವಳು ಬಳಗವನ್ನೆಲ್ಲ ಎಬ್ಬಿಸಿಕೊಂಡು ಹೊಳೆಯ ಮೇಲ್ಗಡೆ ನಡೆದಳು. ಅಲ್ಲೊಂದು ಸಣ್ಣ ಮಡು ಸಿಕ್ಕಿತು. ಅಲ್ಲಿಯೂ ಹಳೆಯ ಕಟ್ಟಳೆಯನ್ನೇ ಹಾಕಿಕೊಂಡವು. ಮರುವರ್ಷ ಆ ನೀರಿನ ತುಂಬ ಮೀನು.

ಕೆಳಗಿನ ಮಡುವಿನಲ್ಲಿ ಮೊಟ್ಟೆಯಿಡಲು ಒಂದು ಮೀನೂ ಉಳಿದಿರಲಿಲ್ಲ. ಹೆಜ್ಜಾರ್ಲೆಗಳು ರೆಕ್ಕೆ ಬಿಚ್ಚಿದವು.

"ಹೋಗಬೇಡಿ! ನನ್ನ ಗತಿಯೇನು?" ನರಿ ಕೂಗಿತು.

"ಮೀನಿಲ್ಲದ ಕಡೆ ನಮಗೇನು ಕೆಲಸ?" ಎಂದು ಅವು ಹಾರಿಹೋದವು.

ಹಸಿದ ನರಿ ಹೊಳೆಗುಂಟ ಹತ್ತಿ ಬಂತು. "ತಪ್ಪಾಯಿತು ಸಣ್ಣವ್ವ. ಒಂದೇ ಒಂದು ಮೀನು ಕೊಡು ತಾಯಿ," ಎಂದು ಅಂಗಲಾಚಿತು. ಅಷ್ಟರಲ್ಲಿ ಅದರ ಕಣ್ಣು ನೀರಿನ ಮೇಲೆ ಬಿತ್ತು.

"ಅಬ್ಬಾ, ಎಂಥ ಮಡು! ಹೆಜ್ಜಾರ್ಲೆಗಳಿಗೆ ಒಂದು ಮಾತು ಹೇಳಿ ಕಳಿಸಿದರೆ..."

ಮಾತು ಮುಗಿಯಲಿಲ್ಲ. ಬಳಗವೆಲ್ಲ ಒಟ್ಟಿಗೆ ಅದರ ಮೇಲೆ ಬಿತ್ತು. ಒಮ್ಮೆ ಅದನ್ನು ನಂಬಿದ್ದ ಎಳೆಯವೇ ಎಲ್ಲರಿಗಿಂತ ಮುಂದಿದ್ದವು. ನರಿ ಕುಂಟುತ್ತ, ಖಾಲಿ ಹೊಟ್ಟೆಯಲ್ಲೇ ಕಾಡು ಬಿಟ್ಟು ಓಡಿತು.

ನೀತಿ: ಅತಿಥಿಯ ಹೆಸರು ಹೇಳಿ ಮನೆಯವರ ಅನ್ನ ಕಸಿಯುವುದು ಆತಿಥ್ಯವಲ್ಲ, ಸುಲಿಗೆ.